ಪೊಲ್ಲಿಲೂರು: ಗೋಡೆಯ ಸಾಕ್ಷ್ಯ, ಸೆರೆಯಾಳುಗಳ ಸಾಕ್ಷ್ಯ

ಕೇಳುಗರಿಗೆ ನಮಸ್ಕಾರ.

1784ರ ಮಾರ್ಚ್ 11ರಂದು ನಮ್ಮ ಮಂಗಳೂರಿನಲ್ಲಿ ಟಿಪ್ಪು ಸುಲ್ತಾನನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಪ್ಪಂದವಾಯಿತು. ಎರಡನೆಯ ಮೈಸೂರು ಯುದ್ಧ ಅಲ್ಲಿಗೆ ಮುಗಿಯಿತು ಎಂದು ಶಾಲೆಯಲ್ಲೇ ಓದಿದ್ದೇವೆ. ಶ್ರೀರಂಗಪಟ್ಟಣದ ಸೆರೆಮನೆಯ ಬಾಗಿಲು ತೆರೆದದ್ದೂ ಅದೇ ಒಪ್ಪಂದದಿಂದ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರಾಲಿಯ ಸೇನೆಗೆ ಸಿಕ್ಕಿಬಿದ್ದು, ಮೂರೂವರೆ ವರ್ಷ ಸೆರೆಯಲ್ಲಿ ಕಳೆದ ಇಂಗ್ಲಿಷ್ ಅಧಿಕಾರಿಗಳು ಹೊರಬಂದರು. ಅವರ ಕಥನಗಳು ಸೋತವರ ಸಾಕ್ಷ್ಯ. ಗೆದ್ದವರ ಸಾಕ್ಷ್ಯ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುಗೋಡೆಯ ಮೇಲೆ, ಆ ಕಾಳಗದ ಚಿತ್ರವಾಗಿ ಇದೆ.

ಪ್ರವಾಸಕ್ಕೆ ಹೋದಾಗ ಆ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕೆಂಪಂಗಿಯ ಸೈನಿಕರು ಚೌಕಾಕಾರದ ವ್ಯೂಹ ಕಟ್ಟಿ ನಿಂತಿದ್ದಾರೆ. ಸುತ್ತಲೂ ಮೈಸೂರಿನ ಕುದುರೆ ಸವಾರರು. ಅವರ ದಂಡನಾಯಕ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ.

ಬೈಲಿ ನಿಜಕ್ಕೂ ಬೆರಳು ಕಚ್ಚಿದನೇ ಎಂದು ಕೇಳಿ ಫಲವಿಲ್ಲ. ದಿಗ್ಭ್ರಮೆಯನ್ನು ಹಾಗೆ ತೋರಿಸುವುದು ಪರ್ಷಿಯನ್, ಮೊಘಲ್ ಚಿತ್ರಕಾರರ ರೂಢಿ. ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಬೇಗ ತಿಳಿಯಬೇಕು. ರಂಗದ ಮೇಲಿನ ಯುದ್ಧಕುಣಿತ ಕಂಡು, ಕುರುಕ್ಷೇತ್ರದಲ್ಲಿ ಕುಣಿದರು ಎಂದು ಯಾರೂ ಹೇಳುವುದಿಲ್ಲವಲ್ಲ.

ಮದ್ದಿನ ಬಂಡಿಯ ವಿಷಯ ಹಾಗಲ್ಲ. ಅದು ಸಿಡಿಯಿತೆಂದು ಗೋಡೆಯೂ ಹೇಳುತ್ತದೆ, ಇಂಗ್ಲಿಷರೂ ಹೇಳುತ್ತಾರೆ. ಕಡುವೈರಿಗಳಿಬ್ಬರ ಬಾಯಲ್ಲೂ ಒಂದೇ ಮಾತು ಬಂದರೆ ನಾನು ನಂಬುತ್ತೇನೆ. ಮೈಸೂರಿನ ಗುಂಡು ತಗುಲಿತೋ, ಆಕಸ್ಮಿಕವೋ? ಇದರಲ್ಲಿ ಇಂಗ್ಲಿಷ್ ಬರಹಗಳಿಗೇ ಒಮ್ಮತವಿಲ್ಲ. ಹೊಗೆ ಕವಿದ ವ್ಯೂಹದೊಳಗೆ ಪಕ್ಕದವನ ಭುಜ ಕಂಡರೇ ಹೆಚ್ಚು. ಉಳಿದದ್ದನ್ನು ಬದುಕುಳಿದವರು ಆಮೇಲೆ ಒಬ್ಬರಿಂದೊಬ್ಬರು ಕೇಳಿ ತುಂಬಿಕೊಂಡಿರಬೇಕು.

ಅವರ ಸಂಕಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೆಲವೇ ಮೈಲಿ ದೂರದಲ್ಲಿ ಸೇನೆಯೊಂದಿಗಿದ್ದ ಇಂಗ್ಲಿಷ್ ಸೇನಾಪತಿ ಹೆಕ್ಟರ್ ಮನ್ರೋ ಸಕಾಲಕ್ಕೆ ನೆರವಿಗೆ ಬರಲಿಲ್ಲ. ಕಾಲಿಗೆ ಬೇಡಿ ಬಿದ್ದವನು ಆ ಮಾತನ್ನು ತಣ್ಣಗೆ ಹೇಳುವುದಾದರೂ ಹೇಗೆ? ಬೈಲಿಯಂತೂ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಊರಿಗೆ ಮರಳಿ ತನ್ನ ಪರವಾಗಿ ನಾಲ್ಕು ಮಾತಾಡುವ ಅವಕಾಶ ಅವನಿಗೆ ಸಿಗಲಿಲ್ಲ.

ಹಾಗೆಂದು ಗೋಡೆಯನ್ನೂ ಇದ್ದಂತೆ ನಂಬುವಂತಿಲ್ಲ. ಟಿಪ್ಪು ಮಡಿದ ನಂತರ ಆ ಅರಮನೆಯಲ್ಲಿ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ವಾಸವಾಗಿದ್ದ. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಚಿತ್ರಗಳಿಗೆ ಮತ್ತೆ ಬಣ್ಣ ಬಳಿದರು. ಆದ್ದರಿಂದ ಸಮವಸ್ತ್ರದ ಪಟ್ಟಿ, ಗುಂಡಿಗಳನ್ನು ತೋರಿಸಿ ವಾದ ಹೂಡುವವರನ್ನು ನಾನು ಒಪ್ಪುವುದಿಲ್ಲ. ವ್ಯೂಹ ಮತ್ತು ಸಿಡಿದ ಬಂಡಿಗೆ ಎದುರು ಪಕ್ಷದ ಬರಹವೂ ಬೆಂಬಲವಾಗಿದೆ. ಅವೆರಡನ್ನು ಮಾತ್ರ ಧೈರ್ಯವಾಗಿ ತೆಗೆದುಕೊಳ್ಳುತ್ತೇನೆ.