ಫೀಸು ಕೇಳಿದಿರಿ, ಆಮೇಲೆ?

ಕೇಳುಗರಿಗೆ ನಮಸ್ಕಾರ. ಏಪ್ರಿಲ್ ಬಂತೆಂದರೆ ನಮ್ಮ ಬೆಂಗಳೂರಿನಲ್ಲಿ ಮಾವಿನಹಣ್ಣಿನ ಜೊತೆ ಸಮ್ಮರ್ ಕ್ಯಾಂಪುಗಳೂ ಬರುತ್ತವೆ. ಜಯನಗರದಿಂದ ಯಲಹಂಕದವರೆಗೆ ಎಲ್ಲಿ ನೋಡಿದರೂ ಅದೇ ಬೋರ್ಡು. ನಾವು ಹೋಗಿ ಕೇಳುವುದು ಎರಡೇ ಮಾತು: ಫೀಸು ಎಷ್ಟು, ವ್ಯಾನ್ ಇದೆಯಾ? ನಾನೂ ಅಷ್ಟೇ ಕೇಳಿದ್ದು.

ಮಗಳಿಗೆ ಆಗ ಏಳು ವರ್ಷ. ಈಜಿಗೆ ಸೇರಿಸಿದ್ದೆ. ಮೂರನೇ ದಿನ ಸ್ವಲ್ಪ ಬೇಗ ಹೋದೆ. ಕೊಳದ ತುಂಬ ಮಕ್ಕಳ ಗಲಾಟೆ. ಕೋಚ್ ದಡದಲ್ಲಿ ನಿಂತು ಫೋನ್ ನೋಡುತ್ತಿದ್ದರು. ಮೂಲೆಯಲ್ಲಿ ಒಬ್ಬ ಹುಡುಗ ತಲೆ ಹಿಂದಕ್ಕೆ ವಾಲಿಸಿ, ಎರಡೂ ಕೈಯಿಂದ ನೀರನ್ನು ಕೆಳಗೆ ಒತ್ತುತ್ತಿದ್ದ. ಬಾಯಿ ನೀರಿನ ಮಟ್ಟದಲ್ಲಿತ್ತು. ಆಟ ಆಡ್ತಿದ್ದಾನೆ ಅಂದುಕೊಂಡೆ. ಪಕ್ಕದಲ್ಲಿದ್ದ ದೊಡ್ಡ ಹುಡುಗಿ ಅವನ ತೋಳು ಹಿಡಿದು ಎಳೆದಳು. ಅವನು ಕೆಮ್ಮತೊಡಗಿದಾಗಲೇ ನನಗೆ ಗೊತ್ತಾಗಿದ್ದು. ಮುಳುಗುವವರು 'ಕಾಪಾಡಿ' ಅಂತ ಕೂಗುವುದೆಲ್ಲ ಸಿನಿಮಾದಲ್ಲಿ. ಉಸಿರಿಗೇ ಗತಿ ಇಲ್ಲದಾಗ ಕೂಗು ಎಲ್ಲಿಂದ ಬರಬೇಕು?

ಅವತ್ತಿನಿಂದ ನನ್ನ ಪ್ರಶ್ನೆಗಳು ಬದಲಾದವು. ಕಲಿಸುವವರು ಬೇರೆ, ಸುಮ್ನೆ ನೀರನ್ನೇ ನೋಡುತ್ತಾ ಕೂರುವವರು ಬೇರೆ ಇದ್ದಾರಾ? ಕ್ರಿಕೆಟ್ ಆದರೆ, ಹೆಲ್ಮೆಟ್ ಮಗುವಿನ ತಲೆಗೆ ಸರಿಯಾಗಿ ಕೂರುತ್ತದಾ, ಇಲ್ಲ ಅಣ್ಣನದ್ದಾ? ತಲೆಗೆ ಚೆಂಡು ಬಿದ್ದರೆ "ಏನಾಗಿಲ್ಲ, ಆಡೋ" ಅನ್ನುವುದು ನಮ್ಮ ಕಾಲದ ಶೌರ್ಯ. ಅಂಥ ದಿನ ಆಟ ಅಲ್ಲಿಗೇ ನಿಲ್ಲಬೇಕು. ವಾಂತಿ, ತೂಕಡಿಕೆ, ಜಾಸ್ತಿಯಾಗುತ್ತಲೇ ಹೋಗುವ ತಲೆನೋವು ಕಂಡರೆ ನೇರ ಆಸ್ಪತ್ರೆಗೆ.

ಇನ್ನೊಂದು ಪ್ರಶ್ನೆ ಕೇಳಲು ಮುಜುಗರ. ಬಟ್ಟೆ ಬದಲಿಸುವ ಕೋಣೆಗೆ ದೊಡ್ಡವರು ಯಾರು ಹೋಗುತ್ತಾರೆ? ಮಗುವನ್ನು ಒಂಟಿಯಾಗಿ ಕರೆದು 'ಸ್ಪೆಷಲ್ ಕೋಚಿಂಗ್' ಕೊಡುತ್ತಾರಾ? ಒಂದು ಕಡೆ ಕೇಳಿದ್ದಕ್ಕೆ, "ಏನ್ ಮೇಡಂ, ನಮ್ಮ ಮೇಲೇ ಅನುಮಾನವಾ?" ಅಂದರು. "ಅನುಮಾನ ಅಲ್ಲ ಸಾರ್, ನಿಮ್ಮ ಪದ್ಧತಿ ಏನು ಅಂತ ಕೇಳ್ತಿದ್ದೀನಿ" ಅಂದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಕ್ಯಾಂಪಿನ ಹೆಸರು ಕೆಡುತ್ತದೆ ಅಂತ ಮುಚ್ಚಿಟ್ಟರೆ ಅದೂ ಅಪರಾಧವೇ. ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ. ನಂಬರನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಮೊದಲೆಲ್ಲ ಮಗಳು "ಇವತ್ತು ಹೋಗಲ್ಲ" ಅಂದರೆ ಸೋಮಾರಿ ಅಂತ ಬೈಯುತ್ತಿದ್ದೆ. ಕಟ್ಟಿದ ದುಡ್ಡಿನ ಸಂಕಟ ನೋಡಿ! ಈಗ ಪಕ್ಕದಲ್ಲಿ ಕೂತು, "ಯಾಕೆ ಪುಟ್ಟಾ?" ಅಂತ ಕೇಳುತ್ತೇನೆ. ಉತ್ತರ ಬರುವವರೆಗೆ ಕಾಯುತ್ತೇನೆ. ಹೆಚ್ಚಿನ ಸಲ ಬರುವುದು ಇದೇ: "ನೀರು ತುಂಬಾ ತಣ್ಣಗಿರತ್ತಮ್ಮಾ."