ನೀರು ತಿಳಿ, ಕಲ್ಲು ಕೆಂಪು: ಪಾತಾಳದ ನೀರು ಏನ್ ಹೊತ್ತು ತರತೈತಿ?

[ದೃಶ್ಯ: ಕೊಪ್ಪಳದ ಹತ್ತಿರದ ಹಳ್ಳಿ. ಬೋರಿನ ಪೈಪ್ ಜಾಯಿಂಟ್ ಸೋರುತ್ತಿದೆ. ಅಡಿಯ ಹಾಸುಗಲ್ಲಿನ ಮೇಲೆ ಕೆಂಪು ಪದರ. ನಿರೂಪಕಿ ಉಗುರಿನಿಂದ ಕೆರೆಯುತ್ತಾಳೆ.]

ನಮಸ್ಕಾರ್ರೀ. ಈ ಕಲ್ಲು ನೋಡ್ರಿ. ಬೀಳೋ ನೀರು ತಿಳಿ, ಕಲ್ಲು ಕೆಂಪು. ಉಗುರಿಗೆ ಹತ್ತಿದ್ದು ಕಬ್ಬಿಣದ ತುಕ್ಕು. ನೆಲದ ಆಳದಾಗ ಗಾಳಿ ಸಿಗದ ಕಡೆ ಕಬ್ಬಿಣ ನೀರಿನಾಗ ಕರಗಿ ಕಾಣದಂಗ ಕುಂತಿರತೈತಿ. ಮ್ಯಾಲೆ ಬಂದು ಗಾಳಿ ತಾಕಿದ ಕೂಡ್ಲೇ ತುಕ್ಕಾಗಿ ಕಲ್ಲಿಗೆ ಹತ್ತತೈತಿ.

ಬಿಸಿನೀರಿಗೆ ಅಂತ ಕೊರೆದ ಆಳದ ಬಾವಿಗಳ ಬಾಯಾಗೂ ಹಿಂಗ ಪದರ ಕಟ್ಟತೈತಿ. ಆದ್ರ ಅಲ್ಲಿ ತುಕ್ಕಿನ ಜೋಡಿ ರೇಡಿಯಂ ಅನ್ನೋ ವಿಕಿರಣ ಸೂಸೋ ಧಾತುನೂ ಬರಬಹುದು.

[ದೃಶ್ಯ: ನಕ್ಷೆ. ಇಟಲಿಯ ಲಾರ್ಡೆರೆಲ್ಲೊ, ಆಮೇಲೆ ಲಡಾಖಿನ ಪುಗಾ ಕಣಿವೆ.]

ಲಾರ್ಡೆರೆಲ್ಲೊದಾಗ 1904ರಾಗ ಭೂಮಿಯ ಹಬೆಯಿಂದ ಐದು ಬಲ್ಬ್ ಹಚ್ಚಿ ತೋರಿಸಿದ್ರು. ಮುಂದ ಎಷ್ಟೋ ದೇಶದಾಗ ಇಂಥ ಬಾವಿ ಕೊರದ್ರು, ನಮ್ಮ ಪುಗಾದಾಗೂ ಕೊರದಾರ. ಕೆಲಸ ನಿಂತ ಮ್ಯಾಲೆ ಸಿಮೆಂಟ್ ತುಂಬಿ ಸರಿಯಾಗಿ ಮುಚ್ಚದಿದ್ರ ಬಾವಿಯೊಳಗ ಇಳಿಸಿದ ಪೈಪ್, ಅಂದ್ರ ಕೇಸಿಂಗ್, ತುಕ್ಕು ಹಿಡಿದು ತೂತಾಗತೈತಿ. ಒಳಗ ಒತ್ತಡ ಇದ್ರ ಬಿಸಿ ಉಪ್ಪುನೀರು ತಾನೇ ಉಕ್ಕಿ ಹಳ್ಳ ಸೇರತೈತಿ.

ಬಂಡೆಯಾಗಿನ ಯುರೇನಿಯಂ ಕ್ಷಯಿಸ್ತಾ ಹೋಗಿ ರೇಡಿಯಂ ಆಗತೈತಿ, ಅದರಿಂದ ರೇಡಾನ್ ಅನ್ನೋ ಅನಿಲ. ರೇಡಾನ್ ಗಾಳಿಗೆ ಹಾರತೈತಿ, 3.8 ದಿನಕ್ಕ ಅರ್ಧ ಆಗತೈತಿ. ರೇಡಿಯಂ ಅರ್ಧ ಆಗಾಕ 1600 ವರ್ಷ ಬೇಕು. ನೀರು ಮ್ಯಾಲೆ ಬಂದು ಒತ್ತಡ ಇಳಿದು, ತಣ್ಣಗಾಗಿ, ಗಾಳಿ ತಾಕಿ ಬೇರಿಯಂ ಸಲ್ಫೇಟ್, ಸುಣ್ಣ, ತುಕ್ಕು ಗಟ್ಟಿಯಾಗುವಾಗ ರೇಡಿಯಂ ಅದರಾಗ ಸಿಕ್ಕೊಳ್ತೈತಿ. ಅದಕ್ಕ ಹಳ್ಳದ ನೀರನ್ನಷ್ಟ ಬಾಟಲಿಗೆ ತುಂಬಿ ಪರೀಕ್ಷೆ ಮಾಡಿದ್ರ ಸಾಲೂದಿಲ್ಲ. ಬಾವಿ ಬಾಯಿಯ ಪದರ, ಹಳ್ಳದ ತಳದ ರಾಡಿ ನೋಡಬೇಕು. ಇರಾನಿನ ರಾಮ್‌ಸರ್ ಊರಾಗ ಬಿಸಿನೀರ ಬುಗ್ಗೆಗಳು ಕಟ್ಟಿದ ಇಂಥ ಪದರದ ಕಲ್ಲನ್ನ ಮನಿ ಕಟ್ಟಾಕೂ ಬಳಸ್ಯಾರ. ಜಗತ್ತಿನಾಗ ನೈಸರ್ಗಿಕ ವಿಕಿರಣ ಅತಿ ಹೆಚ್ಚಿರೋ ಊರುಗಳಾಗ ಅದೂ ಒಂದು.

[ದೃಶ್ಯ: ಅಜ್ಜಿಯೊಬ್ಬರು ಕೊಡ ತುಂಬುತ್ತಿದ್ದಾರೆ.]

"ನಮ್ಮಲ್ಲಿ ಬಿಸಿನೀರ ಬಾವಿ ಎಲ್ಲೈತವ್ವಾ?" ಅಂತಾರ ಅಜ್ಜಿ. ಇಲ್ಲ ಬಿಡಮ್ಮಾ. ಆದ್ರ ಬಂಡೆ ಐತಿ. ನಮ್ಮ ಭಾಗದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಅದರಾಗಿನ ಯುರೇನಿಯಂ (ಬಹುಪಾಲು ಯುರೇನಿಯಂ-238 ಅನ್ನೋ ರೂಪ) ಅರ್ಧ ಆಗಾಕ 447 ಕೋಟಿ ವರ್ಷ ಬೇಕು. ಲೆಕ್ಕ ಹಾಕಿದ್ರ, ಬಂಡೆ ಹುಟ್ಟಿದಾಗ ಇದ್ದದ್ರಾಗ ಮೂರರಲ್ಲಿ ಎರಡು ಪಾಲು ಇನ್ನೂ ಕ್ಷಯಿಸಿಲ್ಲ.

ಇಲ್ಲೇ ಸ್ವಲ್ಪ ಲಕ್ಷ್ಯ ಕೊಡ್ರಿ, ರೇಡಿಯಂ, ಯುರೇನಿಯಂ ಇವೆರಡರ ಗುಣ ತಿರುಗಾಮುರುಗಾ. ರೇಡಿಯಂ ಗಾಳಿ ಇಲ್ಲದ ಉಪ್ಪುನೀರಿನಾಗ ಸಲೀಸಾಗಿ ಹರಿದು ಬರತೈತಿ, ಮ್ಯಾಲೆ ಬಂದು ಕೂಡತೈತಿ. ಯುರೇನಿಯಂ ಆಕ್ಸಿಜನ್, ಬೈಕಾರ್ಬೊನೇಟ್ ಇರೋ ನೀರಿನಾಗ ಕರಗತೈತಿ, ಗ್ರಾನೈಟಿನ ಸೀಳಿನ ನೀರು ಬಾಳ ಕಡೆ ಅಂಥದ್ದೇ. ಹಿಂಗ ಕರಗಿದ ಯುರೇನಿಯಂಗೆ ಬಣ್ಣ ಇಲ್ಲ, ವಾಸನಿ ಇಲ್ಲ, ಸೀದಾ ಕೊಡದಾಗ ಬರತೈತಿ. ಕಲ್ಲು ಸ್ವಚ್ಛ ಐತಿ ಅಂತ ನೆಮ್ಮದಿಯಿಂದ ಕೂಡೂಹಂಗಿಲ್ಲ.

ಕುಡಿಯೋ ನೀರಿನಾಗಿನ ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಈ ಮಿತಿ ಇಟ್ಟದ್ದು ವಿಕಿರಣಕ್ಕಲ್ಲ, ಮೂತ್ರಪಿಂಡಕ್ಕ ಆಗೋ ಪೆಟ್ಟಿನ ಸಲುವಾಗಿ. ಕುದಿಸಿದ್ರ ಹೋಗೂದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಏರತೈತಿ. ಆರ್‌ಒ ಫಿಲ್ಟರ್ ಬಾಳ ಮಟ್ಟಿಗೆ ತಡೀತೈತಿ. ಫ್ಲೋರೈಡ್ ಪರೀಕ್ಷೆಯಾಗ ಇದು ಕಾಣಂಗಿಲ್ಲ, ಲ್ಯಾಬಿನವರಿಗೆ ಯುರೇನಿಯಂ ಅಂತ ಹೆಸರು ಹೇಳೇ ಕೇಳ್ರಿ.

[ದೃಶ್ಯ: ಅಜ್ಜಿಯ ಕೊಡದಿಂದ ಬಾಟಲಿಗೆ ನೀರು. ನಿರೂಪಕಿ ಚೀಟಿಯ ಮೇಲೆ ಬೋರಿನ ಆಳ, ತಾರೀಖು ಬರೆದು ಅಂಟಿಸುತ್ತಾಳೆ.]

ಅಮ್ಮಾ, ನಾಳೆ ಮುಂಜಾನಿ ಬಸ್ಸಿಗೆ ಇದನ್ನ ಲ್ಯಾಬಿಗೆ ಒಯ್ತೀನಿ. ಬಂದ ಅಂಕಿ ನಿಮಗ ಮೊದ್ಲು ಹೇಳ್ತೀನಿ.