ಒಂದು ಮಿಲಿಮೀಟರಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಎರಡೂ ಕೈ ಮುಷ್ಟಿ ಕಟ್ಟಿ, ಮುಖದ ಮುಂದೆ ಒಂದಕ್ಕೊಂದು ತಾಗಿಸಿ ಹಿಡಿಯಿರಿ. ರೇಡಿಯೋದಲ್ಲಿ ಪೂಲ್ ಟೇಬಲ್ ತೋರಿಸೋಕೆ ನನಗಿರುವ ದಾರಿ ಇದೊಂದೇ. ಎಡಮುಷ್ಟಿ ಪಾಕೆಟ್‌ಗೆ, ಅಂದರೆ ಟೇಬಲ್ ಅಂಚಿನ ತೂತಿಗೆ, ಬೀಳಬೇಕಾದ ಚೆಂಡು. ಬಲಮುಷ್ಟಿ ನಾವು ಕ್ಯೂ ಅನ್ನೋ ಉದ್ದ ಕೋಲಿನಿಂದ ಹೊಡೆಯುವ ಬಿಳಿ ಚೆಂಡು. ಬಲಮುಷ್ಟಿಯ ನಡುವಿನಿಂದ ಎಡಮುಷ್ಟಿಯ ನಡುವಿಗೆ ಒಂದು ಗೆರೆ ಎಳೆದುಕೊಳ್ಳಿ. ಎಡಗಡೆಯ ಚೆಂಡು ಓಡೋದು ಆ ಗೆರೆಯಲ್ಲೇ. ಬಿಳಿ ಚೆಂಡು ಯಾವ ದಿಕ್ಕಿನಿಂದ ಬಂದು ತಾಗಿತು ಅನ್ನೋದು ಅದಕ್ಕೆ ಬೇಕಿಲ್ಲ, ಹೆಚ್ಚುಕಮ್ಮಿ. ಈ ‘ಹೆಚ್ಚುಕಮ್ಮಿ’ಗೆ ಆಮೇಲೆ ಬರುತ್ತೇನೆ. ಆಟ ಕೆಡೋದು ಅಲ್ಲೇ.

ಬಿಳಿ ಚೆಂಡು, ಬಣ್ಣದ ಚೆಂಡು, ಪಾಕೆಟ್ ಮೂರೂ ಒಂದೇ ಗೆರೆಯಲ್ಲಿ ಇಲ್ಲದಿದ್ದಾಗ ಚೆಂಡಿನ ಪಕ್ಕಕ್ಕೆ ತಾಗಿಸಿ ಹೊಡೆಯಬೇಕು. ಅದೇ ಕಟ್ ಶಾಟ್. ಬಿಳಿ ಚೆಂಡು ಬಂದ ದಿಕ್ಕಿಗೂ ಬಣ್ಣದ ಚೆಂಡು ಹೋಗುವ ದಿಕ್ಕಿಗೂ ನಡುವಿನ ಕೋನವೇ ಕಟ್‌ನ ಡಿಗ್ರಿ. ಹೊಸಬರೆಲ್ಲ ಇಲ್ಲಿ ಒಂದೇ ತಪ್ಪು ಮಾಡುತ್ತಾರೆ. ಎಲ್ಲಿ ತಾಗಬೇಕೋ ಆ ಜಾಗಕ್ಕೇ ಬಿಳಿ ಚೆಂಡಿನ ನಡುವನ್ನು ಗುರಿ ಹಿಡಿಯುತ್ತಾರೆ. ಸರಿ ಅನ್ನಿಸುತ್ತೆ ಅಲ್ವಾ? ಆದರೆ ಬಿಳಿ ಚೆಂಡಿಗೂ ಮೈ ಇದೆ, ಅದರ ಪಕ್ಕ ಮೊದಲೇ ಬೇರೆ ಕಡೆ ತಾಗಿಬಿಡುತ್ತೆ. 30 ಡಿಗ್ರಿ ಕಟ್ ಬೇಕಿದ್ದಲ್ಲಿ ಹೀಗೆ ಹೊಡೆದರೆ ಸಿಗೋದು 14 ಡಿಗ್ರಿ ಚಿಲ್ಲರೆ, ಅರ್ಧವೂ ಇಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಗೋಸ್ಟ್ ಬಾಲ್. ಚೆಂಡಿನ ಹಿಂದೆ, ಪಾಕೆಟ್‌ನ ಗೆರೆಯಲ್ಲೇ, ಕಾಣದ ಇನ್ನೊಂದು ಚೆಂಡು ಅಂಟಿಕೊಂಡಿದೆ ಅಂದುಕೊಳ್ಳಿ. ಅದರ ನಡುವಿಗೆ ಗುರಿ ಹಿಡಿಯಿರಿ. ಲೆಕ್ಕದಲ್ಲಿ ಎಲ್ಲೂ ಲೋಪವಿಲ್ಲ. ಕಷ್ಟ ಅಂದರೆ ಬರೀ ಟೇಬಲ್‌ನ ಬಟ್ಟೆ ಕಾಣುವ ಕಡೆ ಚೆಂಡನ್ನು ಕಾಣೋದು.

ಹಾಗಾಗಿ ಕೆಲವರು ಭಾಗದ ಲೆಕ್ಕ ಹಿಡಿಯುತ್ತಾರೆ. ಎದುರಿನ ಚೆಂಡಿನ ಅಂಚಿಗೆ ಬಿಳಿ ಚೆಂಡಿನ ನಡುವನ್ನು ಹೊಂದಿಸಿದರೆ ಅರ್ಧ ಚೆಂಡು, 30 ಡಿಗ್ರಿ. ಬಿಳಿ ಚೆಂಡು ಅದನ್ನು ಮುಕ್ಕಾಲು ಮುಚ್ಚಿದರೆ 14 ಚಿಲ್ಲರೆ. ಕಾಲು ಭಾಗ ಮುಚ್ಚಿದರೆ 48 ಚಿಲ್ಲರೆ. ನೆನಪಿಡೋಕೆ ಸುಲಭ. ಆದರೆ ಅರ್ಧಕ್ಕೂ ಕಾಲಿಗೂ ನಡುವೆ 18 ಡಿಗ್ರಿಗಿಂತ ಜಾಸ್ತಿ ಖಾಲಿ ಬಿತ್ತಲ್ಲ, ಅಲ್ಲಿ ಬರುವ ಶಾಟ್‌ಗಳಿಗೆ ಏನು ಮಾಡೋದು? ಕ್ಯೂವನ್ನು ಒಂದು ಗೆರೆಗೆ ಇಟ್ಟು, ಸ್ವಲ್ಪ ತಿರುಗಿಸಿ ಹೊಡೆಯುವ ಸೆಂಟರ್ ಟು ಎಡ್ಜ್ ತರಹದ ಪದ್ಧತಿಗಳಿವೆ. ನನ್ನ ಅನುಮಾನ ಅವುಗಳ ಮೇಲೂ ಇದೇ. ನಾಲ್ಕೈದು ಗೆರೆಗಳಿಂದ ಎಲ್ಲ ಕೋನಗಳೂ ಹುಟ್ಟೋದಿಲ್ಲ. ಉಳಿದದ್ದನ್ನು ಆಟಗಾರನ ಕಣ್ಣು ಗುಟ್ಟಾಗಿ ತುಂಬಿಕೊಡುತ್ತೆ, ಹೆಸರು ಪದ್ಧತಿಗೆ ಹೋಗುತ್ತೆ. ಆದರೂ ಅವು ದಂಡ ಅನ್ನಲಾರೆ. ಪ್ರತಿ ಸಲ ಒಂದೇ ಥರ ನಿಂತು, ಒಂದೇ ಥರ ನೋಡುವ ಶಿಸ್ತು ಅವುಗಳಿಂದ ಬರುತ್ತೆ.

ಎಷ್ಟು ತಪ್ಪಬಹುದು ಅಂತ ನೋಡೋಣ. ಚೆಂಡಿನ ಅಡ್ಡಳತೆ 57 ಮಿಲಿಮೀಟರ್. ಮೂಲೆ ಪಾಕೆಟ್‌ನ ಬಾಯಿ ಸುಮಾರು 115. ಚೆಂಡು ಪಾಕೆಟ್‌ನಿಂದ ಒಂದು ಮೀಟರ್ ದೂರ ಇದ್ದರೆ, ಆಚೆಗೋ ಈಚೆಗೋ ಒಂದೂವರೆ ಡಿಗ್ರಿ ಚಿಲ್ಲರೆ ತಪ್ಪಿದರೂ ಬೀಳುತ್ತೆ. ನೇರ ಶಾಟ್‌ನಲ್ಲಿ ಬಿಳಿ ಚೆಂಡು ಒಂದು ಮಿಲಿಮೀಟರ್ ಪಕ್ಕಕ್ಕೆ ಹೋದರೆ ಒಂದು ಡಿಗ್ರಿ ತಪ್ಪುತ್ತೆ, ಬಚಾವ್. 60 ಡಿಗ್ರಿ ಕಟ್‌ನಲ್ಲಿ ಅದೇ ಒಂದು ಮಿಲಿಮೀಟರ್‌ಗೆ ಎರಡು ಡಿಗ್ರಿ. ಚೆಂಡು ಪಾಕೆಟ್‌ನ ತುಟಿಗೆ ಬಡಿದು ಅಲ್ಲಾಡಿ ನಿಲ್ಲುತ್ತೆ.

ಈಗ ಆ ‘ಹೆಚ್ಚುಕಮ್ಮಿ’ಗೆ ಬರೋಣ. ಒಮ್ಮೆ ಅರ್ಧ ಚೆಂಡಿನ ಶಾಟ್ ಒಂದನ್ನೇ ಹಿಡಿದು ಕೂತಿದ್ದೆ. ಚೆಂಡು ಪ್ರತಿ ಸಲ ಅದೇ ಜಾಗಕ್ಕೆ ಬರಲಿ ಅಂತ ಬಟ್ಟೆಯ ಮೇಲೆ ಪುಟ್ಟ ಕಾಗದದ ಉಂಗುರ ಅಂಟಿಸಿದ್ದೆ. ಮೆಲ್ಲಗೆ ಹೊಡೆದದ್ದೆಲ್ಲ ತಪ್ಪಿತು, ಅದೂ ಒಂದೇ ಕಡೆಗೆ, ದಪ್ಪಕ್ಕೆ, ಅಂದರೆ ಬೇಕಾದ್ದಕ್ಕಿಂತ ಕಮ್ಮಿ ಕಟ್ ಆಗಿ. ಕಣ್ಣು ಪರೀಕ್ಷೆ ಮಾಡಿಸಬೇಕೇನೋ ಅಂದುಕೊಂಡೆ. ಅದೇ ಗುರಿಗೆ ಜೋರಾಗಿ ಹೊಡೆದೆ, ಬಿತ್ತು!

ಆಮೇಲೆ ಗೊತ್ತಾಯಿತು. ಚೆಂಡುಗಳು ತಾಗುವ ಆ ಕ್ಷಣದಲ್ಲಿ ಉಜ್ಜಾಟ ಇದೆ. ಬಿಳಿ ಚೆಂಡು ಇನ್ನೊಂದನ್ನು ತಾನು ಹೋಗುವ ಕಡೆಗೆ ಸ್ವಲ್ಪ ಎಳೆದುಕೊಳ್ಳುತ್ತೆ. ಇದಕ್ಕೆ ಥ್ರೋ ಅಂತಾರೆ. ಮೆಲ್ಲಗೆ, ಉರುಳದೆ ಜಾರುತ್ತಾ ಹೋಗಿ ತಾಗಿದಾಗ ಇದು ಜಾಸ್ತಿ. ಚೆಂಡು ಕೊಳೆಯಾಗಿದ್ದರೆ ಇನ್ನೂ ಜಾಸ್ತಿ. 3 ಡಿಗ್ರಿ ಎಳೆದರೆ ಒಂದು ಮೀಟರ್‌ಗೆ 5 ಸೆಂಟಿಮೀಟರ್ ಹೋಯಿತು. ಅಂದರೆ ಗೋಸ್ಟ್ ಬಾಲ್‌ನ ನಡುವಿಗೇ ಚಾಚೂ ತಪ್ಪದೆ ಹೊಡೆದವನೇ ತಪ್ಪಿಸುತ್ತಾನೆ! ಒಂಚೂರು ತೆಳುವಾಗಿ, ಅಂದರೆ ಇನ್ನಷ್ಟು ಅಂಚಿಗೆ ತಾಗಿಸಿ, ಹೊಡೆಯಬೇಕು. ಇಲ್ಲವೇ ಸ್ಪಿನ್ ಕೊಡಬೇಕು: ಚೆಂಡು ಎಡಕ್ಕೆ ಹೋಗಬೇಕಿದ್ದರೆ ಬಿಳಿ ಚೆಂಡಿನ ಬಲಗಡೆಗೆ ಸ್ವಲ್ಪ ತಾಗಿಸಿ. ಆಗ ಎರಡೂ ಹಲ್ಲಿನ ಚಕ್ರಗಳ ಹಾಗೆ ಒಂದರ ಮೇಲೊಂದು ಉರುಳುತ್ತವೆ, ಎಳೆತ ಇಲ್ಲ. ಆದರೆ ಸ್ಪಿನ್ ಕೊಟ್ಟ ಕೂಡಲೇ ಬಿಳಿ ಚೆಂಡೇ ಗೆರೆ ಬಿಟ್ಟು ಸರಿಯುತ್ತೆ. ಒಂದು ಗುಂಡಿ ಮುಚ್ಚೋಕೆ ಇನ್ನೊಂದು ತೋಡಿದ ಹಾಗೆ. ಮೊದಲು ಚೆಂಡು ಒರೆಸಿಕೊಳ್ಳೋದೇ ವಾಸಿ.

ಮೊನ್ನೆ ಅದೇ ಶಾಟ್ 20 ಸಲ ಆಡಿದೆ. 14 ಬಿತ್ತು. ತಪ್ಪಿದ ಆರರಲ್ಲಿ ಐದು ದಪ್ಪಕ್ಕೆ ಹೋದವು, ಅವನ್ನು ಥ್ರೋ ಮೇಲೆ ಹಾಕಿದೆ. ಇನ್ನೊಂದು ತೆಳುವಾಗಿ ಹೋಯಿತು. ಅದಕ್ಕೆ ಥ್ರೋವನ್ನು ದೂರುವ ಹಾಗೂ ಇರಲಿಲ್ಲ. ನನ್ನ ಮೊಣಕೈ ಅಲುಗಿತ್ತು.

ನಮಸ್ಕಾರ.